ಸೊನ್ನೆಯಲ್ಲಿ ಉಳಿದ ಹೆಸರು

ಹಿರೇಕೊಟ್ನೆಕಲ್ಲಿನ ತಂಗಿ ಗೋಪಮ್ಮನಿಗೆ,

ನಿನ್ನೆ ಮಾನ್ವಿಯಲ್ಲಿ ಹುಡುಗಿಯರಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮೊದಲ ಪಾಠ ಹೇಳಿದೆ. ನಿವೃತ್ತಿಯಾದರೂ ಈ ಬಾಯಿ ಸುಮ್ಮನಿರುವುದಿಲ್ಲ. ಚೌಕ ಕಂಸದೊಳಗೆ ಹೆಸರುಗಳನ್ನು ಉದ್ಧರಣ ಚಿಹ್ನೆಯಲ್ಲಿ ಬರೆದು ನಡುನಡುವೆ ಅಲ್ಪವಿರಾಮ ಹಾಕಿದರೆ ಪಟ್ಟಿ ಸಿದ್ಧ. ಮೊದಲ ಹೆಸರು ಬೇಕಾದರೆ ಒಂದು ಎನ್ನಬಾರದು, ಸೊನ್ನೆ ಎನ್ನಬೇಕು. ಕಂಪ್ಯೂಟರ್ ಎಣಿಸುವುದೇ ಅಲ್ಲಿಂದ. ಬೋರ್ಡಿನ ಮೇಲೆ ನಾನು ಮೊದಲು ಬರೆಯುವುದು ಪ್ರತಿ ವರ್ಷವೂ ನಿನ್ನ ಹೆಸರು. ಯಾರು ಸರ್ ಈ ಗೋಪಮ್ಮ ಎಂದು ಹುಡುಗಿಯರು ಕೇಳಿದರೆ ಮಾತು ಮರೆಸುತ್ತೇನೆ.

೧೯೮೮ ನಿನಗೆ ನೆನಪಿರಬೇಕು. ರಾಯಚೂರಿನ ಆ ಶಿಕ್ಷಕಿಯರ ತರಬೇತಿ ಸಂಸ್ಥೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಹೈದರಾಬಾದಿನಲ್ಲಿ ಮೂರು ತಿಂಗಳು ಕಲಿತು ಬಂದಿದ್ದ ನನ್ನ ಕಾಲು ನೆಲದ ಮೇಲಿರಲಿಲ್ಲ. ಆಗ ಪೈಥಾನ್ ಇರಲಿಲ್ಲ, ಆದರೆ ಎಣಿಕೆ ಇದೇ. ಇದ್ದದ್ದು ಹತ್ತು ಸೀಟು. ಪ್ರವೇಶ ಪರೀಕ್ಷೆಯ ಅಂಕದ ಪ್ರಕಾರ ಹೆಸರುಗಳನ್ನು ಸೊನ್ನೆಯಿಂದ ತುಂಬಿಸಿದ ನಾನು, ಆಯ್ಕೆಪಟ್ಟಿ ಅಚ್ಚು ಹಾಕುವಾಗ ಒಂದರಿಂದ ಹತ್ತರವರೆಗೆ ಎಂದುಬಿಟ್ಟೆ. ಹತ್ತು ಹೆಸರು ಬಂದವು, ಯಾರಿಗೂ ಅನುಮಾನ ಬರಲಿಲ್ಲ. ಎಲ್ಲರಿಗಿಂತ ಮುಂದಿದ್ದ ನೀನು ಸೊನ್ನೆಯಲ್ಲೇ ಉಳಿದೆ. ಹನ್ನೊಂದನೆಯವಳು ಒಳಗೆ ಬಂದಳು.

ನೋಟಿಸ್ ಬೋರ್ಡನ್ನು ಎರಡು ಸಲ ಓದಿ ನೀನು ನನ್ನ ಕಿಟಕಿಗೆ ಬಂದೆ. "ಹೊಳ್ಳಿ ಒಮ್ಮೆ ನೋಡ್ರಿ ಸರ್, ನಾ ಚಲೋ ಬರದೀನ್ರಿ" ಅಂದೆ. ಮತ್ತೆ ನೋಡುವುದಿರಲಿ, ನಾನು ತಲೆ ಕೂಡ ಎತ್ತಲಿಲ್ಲ. "ಮಷೀನ್ ತಪ್ಪು ಮಾಡಂಗಿಲ್ಲ, ನೀ ಹೋಗವ್ವಾ" ಎಂದುಬಿಟ್ಟೆ.

ತಪ್ಪು ಗೊತ್ತಾಗಿದ್ದು ಹದಿನೈದು ದಿನಕ್ಕೆ. ಅಷ್ಟರಲ್ಲಿ ತರಗತಿ ಶುರುವಾಗಿತ್ತು. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಇದಕ್ಕೆ ಬಣ್ಣ ಹಚ್ಚುವುದಿಲ್ಲ.

ಮರುವರ್ಷ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ನೀನು ಹತ್ತಿ ಬಿಡಿಸುವ ಕೆಲಸಕ್ಕೆ ಹೊರಟಿದ್ದೆ. ಮತ್ತೆ ಯಾಕೆ ಅರ್ಜಿ ಹಾಕಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಕೇಳಿದೆನೋ. "ಮಷೀನಿಗೆ ಎಲ್ಲಾ ತಿಳೀತದಲ್ರೀ ಸರ್. ಚಲೋ ಬರದೀನಿ ಅಂತ ನಾನ ಸುಳ್ಳ ತಿಳ್ಕೊಂಡಿದ್ದೆ" ಎಂದು ನೀನು ನಕ್ಕೆ. ನಿನ್ನ ಬಸ್ಸು ಬರಲು ಇನ್ನೂ ಹೊತ್ತಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಕ್ಷಮಿಸು ಎನ್ನುವ ಯೋಗ್ಯತೆ ನನಗಿಲ್ಲ. ಆ ಸೀಟನ್ನೂ ಈಗ ಕೊಡಲಾರೆ. ನಿನ್ನ ತಲೆಯಲ್ಲಿ ನಾನು ಇಟ್ಟ ಆ ಒಂದು ಸುಳ್ಳನ್ನಾದರೂ ವಾಪಸು ತೆಗೆದುಕೊಳ್ಳುತ್ತೇನೆ. ಈ ಕಾಗದವನ್ನು ಮೊಮ್ಮಕ್ಕಳ ಎದುರು ಗಟ್ಟಿಯಾಗಿ ಓದು: ನೀನು ಚಲೋ ಬರೆದಿದ್ದೆ. ಆ ವರ್ಷ ಮೊದಲನೆಯವಳು ನೀನೇ.

ನಿನ್ನ ಮನೆ ತಣ್ಣಗಿರಲಿ, ತಂಗಿ.

ಅಂದು ಹೊಳ್ಳಿ ನೋಡದ
ಹುಸೇನಪೀರ