ತುಟಿ ಊದಿದ ತಿಂಗಳು

ಡಿಸೆಂಬರ್ 3, 2025. ಮಧ್ಯಾಹ್ನ

ಕರೆಂಟ್ ಹೋಯ್ತು. ಸೀತೂರಿನವರ ಅಕ್ಕಿ ಅರ್ಧ ಬೀಸಿ ನಿಂತಿದೆ. ಗಿರಣಿ ನಿಂತಾಗಲೇ ನನಗೆ ಬರೆಯೋಕೆ ಪುರಸೊತ್ತು.

ಮೊಮ್ಮಗಳು ಸುಮನಾಗೆ ಮತ್ತೆ ತುಟಿ ಊದಿದೆ. ಮೂರನೇ ಕ್ಲಾಸಿನ ಕೂಸು. ಸುತ್ತ ಕೆಂಪು, ತುರಿಕೆ. ನೆಕ್ಕಬೇಡ ಅಂದರೆ ಅದನ್ನೇ ನೆಕ್ಕುತ್ತೆ. ಇದು ಊಟದ ನಂಜು. ಬದನೆಕಾಯಿ ಬಂದ್ ಅಂದೆ. "ಚಳಿಗೆ ಇರಬೇಕು ಮಾವ" ಅಂದಳು ಸೊಸೆ ರಮ್ಯ. ಚಳಿ ನಮಗ್ಯಾರಿಗೂ ಇಲ್ವಾ? ನನ್ನ ತುಟಿ ಊದಿದೆಯಾ?

ಡಿಸೆಂಬರ್ 8

ಬದನೆ ಬಿಡಿಸಿದೆ. ಶೇಂಗಾ ಬಿಡಿಸಿದೆ. ಹುಳಿ ಬಿಡಿಸಿದೆ. ಮೊಸರನ್ನ ಕಂಡರೆ ಮುಖ ತಿರುಗಿಸುತ್ತೆ ಈಗ. ಭಾನುವಾರ ಇಳಿದಿತ್ತು. ಇವತ್ತು ಸ್ಕೂಲಿಂದ ಬಂದಾಗ ಮತ್ತೆ ಊದಿತ್ತು. ಅಲ್ಲಿಗೆ ಗೊತ್ತಾಯ್ತು... ಸ್ಕೂಲ್ ಊಟ.

ಡಿಸೆಂಬರ್ 9

ಹೋದೆ. ಬಿಸಿಯೂಟದ ಯಲ್ಲಕ್ಕ, ನಮ್ಮ ಗಿರಣಿಗೇ ರಾಗಿ ತರೋಳು, ಸೌಟು ಹಿಡಕೊಂಡೇ ಆಚೆ ಬಂದಳು.

"ಎಂತ ಹಾಕ್ತೀಯೇ ಸಾಂಬಾರಿಗೆ?"

"ಬೇಳೆ, ಸೊಪ್ಪು. ಇನ್ನೆಂತ ಹಾಕ್ಲಿ ಅಯ್ನೋರೇ? ಎಲ್ಲಾ ಮಕ್ಕಳೂ ತಿಂತಾವೆ."

"ಎಲ್ಲಾ ಮಕ್ಕಳ ತುಟಿ ಕಟ್ಟಿಕೊಂಡು ನನಗೇನು?"

ಮಕ್ಕಳು ನಕ್ಕವು. ಸುಮನಾ ಮಾತ್ರ ಕಂಬದ ಹಿಂದೆ ಅಳ್ತಾ ನಿಂತಿತ್ತು. ಹೆಡ್ ಮಾಸ್ಟರ್ ಮಂಜಪ್ಪ, "ಕೂತು ಮಾತಾಡಣ ಮಾರಾಯ್ರೇ" ಅಂದರು. ಕೂರಲಿಲ್ಲ. ಅಡಿಗೆಯವಳನ್ನ ಬದಲಾಯಿಸಿ ಅಂತ ಸ್ಕೂಲ್ ಕಮಿಟಿಗೆ ಅರ್ಜಿ ಕೊಟ್ಟೇ ಬಂದೆ.

ಡಿಸೆಂಬರ್ 15

ಮನೆಯಿಂದಲೇ ಡಬ್ಬಿ ಕಳಿಸ್ತಿದೀನಿ. ಗಂಜಿ, ತುಪ್ಪ. ಆದರೂ ಊದುತ್ತೆ. ಯಲ್ಲಕ್ಕನೇ ಕದ್ದು ಏನೋ ತಿನ್ನಿಸ್ತಾಳೆ.

"ಎಂತ ಕೊಟ್ಟಳು, ಹೇಳು."

"ಎಂತದೂ ಇಲ್ಲ ಅಜ್ಜ." ಕಣ್ಣು ನೆಲದ ಮೇಲೆ.

ಗದರಿದೆ. ಬ್ಯಾಗ್ ಅಪ್ಪಿಕೊಂಡು ಒಳಗೆ ಓಡಿತು.

ಯಲ್ಲಕ್ಕ ಈಗ ಬೇರೆ ಗಿರಣಿಗೆ ಹೋಗ್ತಾಳಂತೆ. ಹೋಗ್ಲಿ. ಶನಿವಾರ ಕಮಿಟಿ ಮೀಟಿಂಗ್. ಅವಳ ಕೆಲಸ ಹೋಗೋದು ಹೆಚ್ಚುಕಮ್ಮಿ ಖಾತ್ರಿ.

ಡಿಸೆಂಬರ್ 18

ಬೆಳಿಗ್ಗೆ ಕೂಸಿಗೆ ಬಾಯಿ ಅಗಲಿಸೋಕೂ ಆಗಲಿಲ್ಲ. ತುಟಿ ಬಿರಿದು ರಕ್ತ. "ನಿಮ್ಮ ಪಥ್ಯ ಸಾಕು ಮಾವ" ಅಂದಳು ರಮ್ಯ, ನಾನು ಗದರೋ ದನಿಯಲ್ಲೇ. ಹೆಗಲಿಗೆ ಹಾಕಿದ್ದ ಸ್ಕೂಲ್ ಬ್ಯಾಗ್ ಸಮೇತ ಕೂಸನ್ನ ಆಸ್ಪತ್ರೆಗೆ ಕರಕೊಂಡು ಹೋದ್ವಿ.

ನಂಜಿನ ವಿಷಯ ಶುರು ಮಾಡಿದೆ. ಡಾಕ್ಟರಮ್ಮ, ಚಿಕ್ಕ ವಯಸ್ಸಿನವಳು, "ಸ್ವಲ್ಪ ಆಚೆ ಕೂರ್ತೀರಾ ಅಜ್ಜ?" ಅಂದಳು. ಕೂತೆ. ನಾನು!

ಒಳಗೆ ಕರೆದಾಗ ಮೇಜಿನ ಮೇಲೆ ಪುಟ್ಟ ಗುಲಾಬಿ ಡಬ್ಬಿ. ಲಿಪ್ ಬಾಮ್. ಸ್ಕೂಲ್ ಬ್ಯಾಗಿನ ತಳದಲ್ಲಿ ಇತ್ತಂತೆ. ಮೇಲೆ ಸ್ಟ್ರಾಬೆರಿ ಚಿತ್ರ. ಮೂಸಿದೆ. ನನಗೇ ನೆಕ್ಕಬೇಕು ಅನ್ನಿಸ್ತು.

ಘಮಕ್ಕೆ, ರುಚಿಗೆ ಹಾಕೋ ಸಾಮಾನು ಕೆಲವು ಮಕ್ಕಳಿಗೆ ಆಗಲ್ಲವಂತೆ. ಅಲರ್ಜಿ. ಮಕ್ಕಳಿಗೆ ಅಂತಲೇ ಮಾಡಿದ್ದರೂ ಅಷ್ಟೇ. ಸಿಹಿ ಅಂತ ನೆಕ್ಕುತ್ತವೆ, ನೆಕ್ಕಿದರೆ ಒಣಗುತ್ತೆ, ಒಣಗಿತು ಅಂತ ಮತ್ತೆ ಹಚ್ಚಿಕೊಳ್ತವೆ. "ಇದೇ ಇರಬೇಕು, ನಿಲ್ಲಿಸಿ ನೋಡೋಣ" ಅಂದಳು. ವಾಸನೆ ಇಲ್ಲದ ಮುಲಾಮು ಬರೆದುಕೊಟ್ಟಳು. ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ತಡ ಮಾಡದೆ ಬನ್ನಿ ಅಂದಳು. ಇಳಿಯದಿದ್ದರೆ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರು. ಊಟ? ಎಲ್ಲಾ ಕೊಡಿ ಅಂದಳು. ಎಲ್ಲಾ...

ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಕೂಸು ತಾನೇ ಹೇಳಿತು. "ಚಳಿಗೆ ತುಟಿ ಒಡೆದಿತ್ತಲ್ಲ ಅಜ್ಜ. ಯಲ್ಲಕ್ಕ ಅವರ ಮಗಳಿಗೆ ತಂದಿದ್ದನ್ನ ನಂಗೆ ಕೊಟ್ಟಳು. ಹೇಳಿದ್ರೆ ನೀನು ಅವಳಿಗೆ ಇನ್ನೂ ಬಯ್ತಿದ್ದೆ."

ಬಯ್ತಿದ್ದೆ.

ಡಿಸೆಂಬರ್ 20

ಮೀಟಿಂಗಲ್ಲಿ ಅರ್ಜಿ ವಾಪಸ್ ತಗೊಂಡು ಹರಿದೆ. "ಊಟದ್ದಲ್ಲ ಅಂತ ಹೇಗೆ ಗೊತ್ತಾಯ್ತು ಕರಿಬಸವಯ್ಯೋರೇ?" ಒಬ್ಬ ಕೇಳಿದ. ಡಬ್ಬಿ ಜೇಬಲ್ಲೇ ಇತ್ತು. "ಡಾಕ್ಟ್ರು ಹೇಳಿದ್ರು" ಅಂದೆ, ಅಷ್ಟೇ. ಯಲ್ಲಕ್ಕ ಬಾಗಿಲಾಚೆ ನಿಂತಿದ್ದಳು. ಮುಖ ನೋಡದೆ ಬಂದೆ.

ಡಿಸೆಂಬರ್ 27

ಊತ ಇಳಿದಿದೆ. ಸುತ್ತ ಸ್ವಲ್ಪ ಕಪ್ಪು ಉಳಿದಿದೆ. ಕೂಸು ಬದನೆ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡಿತು.

ಯಲ್ಲಕ್ಕನ ಮನೆ ತಿರುವಿನ ತನಕ ಹೋಗಿ ವಾಪಸ್ ಬಂದೆ. ಬಯ್ಯೋಕಾದರೆ ಕಾಲು ಓಡ್ತವೆ.

ಡಿಸೆಂಬರ್ 30, ಬೆಳಿಗ್ಗೆ

ಯಲ್ಲಕ್ಕ ಬಂದಳು. ರಾಗಿ ಡಬ್ಬ ತಕ್ಕಡಿ ಪಕ್ಕ ಇಟ್ಟು, "ಆ ಗಿರಣಿಯವನು ತರಿತರಿ ಬೀಸ್ತಾನೆ" ಅಂದಳು. ಸುರಿಯೋ ಹೊತ್ತಿಗೆ ಕರೆಂಟ್ ಹೋಯ್ತು. ಅವಳು ಗೋಣಿಚೀಲದ ಮೇಲೆ ಕೂತಿದಾಳೆ. ನಾನು ತಲೆ ಬಗ್ಗಿಸಿ ಬರೀತಿದೀನಿ, ಭಾರಿ ಕೆಲಸ ಇರೋನ ಹಾಗೆ.

"ಕೂಸು ಹೇಗಿದೆ?" ಅಂದಳು.

"ಆರಾಮಿದೆ."

"ಚಳಿ ಇನ್ನೂ ಇದೆ ಅಯ್ನೋರೇ. ತುಟಿ ಒಡೆದರೆ ಹೇಳಿ. ನನ್ನ ಹತ್ರ ಇನ್ನೊಂದು ಡಬ್ಬಿ ಇದೆ."

ಇವಳಿಗೆ ಯಾರೂ ಹೇಳಿಲ್ಲ. ನಾನೇ ಹೇಳಬೇಕಿತ್ತು.

ಹೇಳಬೇಕು. ಮೊದಲು ನನ್ನ ತಪ್ಪು, ಆಮೇಲೆ ಡಬ್ಬಿ ವಿಷಯ. ತಿರುಗಾಮುರುಗಾ ಆದರೆ ಮತ್ತೆ ಬೈದ ಹಾಗೇ ಆಗುತ್ತೆ. ಅದೂ ಕರೆಂಟ್ ಬರೋದರೊಳಗೆ. ಗಿರಣಿ ಶುರುವಾದರೆ ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ.

"ಯಲ್ಲಕ್ಕ" ಅಂದೆ. ತಿರುಗಿದಳು. ಇನ್ನು ಪೆನ್ನು ಕೆಳಗಿಟ್ಟು—