ಟೋಬಿ ಇರ್ಲಿ ಬಿಡು

ಅಕ್ಟೋಬರ್ 6, ಸೋಮವಾರ. ಮಲೇಷ್ಯಾದ ಸೈಬರ್‌ಜಯಾ, ಆಫೀಸ್ ಪಾರ್ಕಿಂಗ್

ಮತ್ತೆ ಇಂಟರ್‌ಸೆಪ್ಷನ್. ಒಂದಲ್ಲ, ಮೂರು! ಮೀಟಿಂಗ್ ಇದ್ದರೂ ಕಾರಲ್ಲೇ ಕೂತು ಫೋನಿನಲ್ಲಿ ನೋಡಿದೆ. ಟೋಬಿ ಲಾರ್ಕಿನ್ ಎಂಬ ಈ ಮಹಾನುಭಾವನಿಗೆ ಇನ್ನೂ ಇಪ್ಪತ್ತೆರಡು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವುದೇ ಉದ್ಯೋಗ. ತೋಳಿನಲ್ಲಿ ಅಷ್ಟು ಬಲ, ತಲೆಯಲ್ಲಿ ಮಾತ್ರ ಏನೂ ಇಲ್ಲ. ತನ್ನವರಿಗೆ ಎಸಿಯಪ್ಪಾ ಅಂದರೆ ಎದುರಾಳಿಗಳನ್ನು ಹುಡುಕಿ ಹುಡುಕಿ ಕೊಡುತ್ತಾನೆ, ಅರಿಶಿನ ಕುಂಕುಮ ಕೊಟ್ಟ ಹಾಗೆ.

ನಮ್ಮದು ಡೈನಾಸ್ಟಿ ಲೀಗ್ ಬೇರೆ. ಒಮ್ಮೆ ಆರಿಸಿಕೊಂಡ ಆಟಗಾರ ವರ್ಷಾನುಗಟ್ಟಲೆ ನಮ್ಮವನೇ — ನಾವಾಗಿ ಟ್ರೇಡ್ ಮಾಡುವ ತನಕ. ಅವನು ಅಮೆರಿಕದಲ್ಲಿ ನಿಜವಾಗಿ ಆಡಿದ್ದಕ್ಕೆ ಇಲ್ಲಿ ಫೋನಿನ ಆಟದಲ್ಲಿ ನಮಗೆ ಪಾಯಿಂಟ್. ಒಹಾಯೋದ ಕ್ಲೈಂಟ್ ಜೊತೆ ಮಾತಾಡಲು ಒಂದು ವಿಷಯ ಇರಲಿ ಅಂತ ಆಫೀಸಿನವರು ಸೇರಿ ಶುರು ಮಾಡಿದ್ದು. ಕ್ಲೈಂಟ್ ಹೋದ. ಲೀಗ್ ಉಳಿಯಿತು. ನನ್ನ ಬಿಪಿಯೂ.

ಅಕ್ಟೋಬರ್ 9, ಗುರುವಾರ

ಮಧ್ಯಾಹ್ನ ಕ್ಯಾಲ್ವಿನ್ ಮಾಮಕ್ ಹೋಟೆಲಿಗೆ ಕರೆದ. ನೆಟ್‌ವರ್ಕ್ ಟೀಮಿನವನು, ಮಂಗಳೂರು ಕಡೆ. ಲೀಗಿನಲ್ಲಿ ಮೊದಲ ಸ್ಥಾನ. ನಾವು ಮರೆಯದ ಹಾಗೆ ನೋಡಿಕೊಳ್ಳುತ್ತಾನೆ.

“ಎಂತ ಚಾಮುಂಡಿಯವ್ರೇ, ಆ ಟೋಬಿಯನ್ನು ಇಟ್ಕೊಂಡು ಎಂತ ಮಾಡ್ತೀರಿ? ನಂಗೆ ಕೊಡಿ. ಮುಂದಿನ ವರ್ಷ ಹೊಸಬರನ್ನು ಆರಿಸುವಾಗ ನನ್ನ ಫಸ್ಟ್ ಪಿಕ್ ನಿಮ್ಗೆ. ಮೇಲಿಂದ ಒಬ್ಬ ಒಳ್ಳೆ ರಿಸೀವರ್. ಗುಡ್ ಡೀಲ್ ಲಾ.”

ಒಳ್ಳೆಯ ಡೀಲೇ. ಅದೇ ತಲೆನೋವು. ಕ್ಯಾಲ್ವಿನ್ ಸುಮ್ಮನೆ ಒಂದು ಟೀ ಕೊಡಿಸುವ ಪೈಕಿ ಅಲ್ಲ. ಇವತ್ತು ರೋಟಿ ಚನಾಯ್ ಕೂಡ ಕೊಡಿಸಿದ. ಅಂದರೆ ಟೋಬಿಯಲ್ಲಿ ಅವನಿಗೆ ಏನೋ ಕಂಡಿದೆ, ನನಗೆ ಕಾಣದ್ದು.

ಅಕ್ಟೋಬರ್ 13, ಸೋಮವಾರ

ಮೊದಲರ್ಧದಲ್ಲಿ ಟೋಬಿಯ ಎರಡು ಟಚ್‌ಡೌನ್. ಕೊನೆಗೆ, ಇನ್ನೇನು ಗೆದ್ದರು ಅನ್ನುವಾಗ, ಚೆಂಡನ್ನೇ ಕೈಜಾರಿಸಿ ಬೀಳಿಸಿದ. ಹೊಡೆಯಬೇಕೋ ಮುದ್ದಾಡಬೇಕೋ.

ಸಂಜೆ ಚೈತನ್ಯಾ ಸ್ಕೂಲಿಂದ ಬಂದವಳೇ, ಶೂ ಕೂಡ ಬಿಚ್ಚದೆ — “ಅಮ್ಮಾ, ಯು ಸಾ ದಟ್ ಥ್ರೋ ಆರ್ ನಾಟ್?”

ನನ್ನ ಮಗಳಿಗೆ ಹದಿನಾರು. ಇಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಉತ್ತರ ಅಂದರೂ ಏನು... ಊಟ ಮಾಡ್ತೀಯಾ? ಲೇಟರ್. ಪರೀಕ್ಷೆ ಹೇಗಾಯ್ತು? ಓಕೆ ಲಾ. ಆದರೆ ಟೋಬಿ ವಿಷಯ ಬಂದರೆ ಅಡುಗೆ ಕಟ್ಟೆ ಹತ್ತಿ ಕೂತು ಕಾಲಾಡಿಸುತ್ತಾ ಮಾತಾಡುತ್ತಾಳೆ. ಅವನನ್ನು ಆರಿಸಿದ್ದೇ ಅವಳು. ಟೀಮ್ ಇಬ್ಬರದೂ, ಪಾಸ್‌ವರ್ಡ್ ಇಬ್ಬರಿಗೂ ಗೊತ್ತು.

ಅವನನ್ನು ಕೊಟ್ಟುಬಿಟ್ಟರೆ ಆಮೇಲೆ ಇವಳ ಹತ್ತಿರ ಏನು ಮಾತಾಡಲಿ? ಹೆದರಿಕೆ ಆಗುತ್ತೆ. ಹೌದು, ಹೆದರಿಕೆಯೇ.

ಅಕ್ಟೋಬರ್ 18, ಶನಿವಾರ

ಬ್ರಿಕ್‌ಫೀಲ್ಡ್ಸ್‌ನ ನಮ್ಮವರ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ, ದೀಪಾವಳಿ. ಹೂವಿನ ಅಂಗಡಿಯವಳು “ಎತ್ತನೆ ಮೊಳಂ, ಅಕ್ಕಾ?” ಅಂತ ತಮಿಳಿನಲ್ಲಿ ಕೇಳಿದ್ದೂ ಕೇಳಿಸಲಿಲ್ಲ. ಕ್ಯಾಲ್ವಿನ್‌ನ ಮೆಸೇಜ್ ನೋಡುತ್ತಿದ್ದೆ.

ಸಂತೋಷ ರೇಗಿದರು. “ಚಾಮು, ನಿನ್ ಮುಖ ನೋಡಿದ್ರೆ ಯಾರೋ ಹೋಗ್ಬಿಟ್ರು ಅನ್ಕೋಬೇಕು. ಕೊಡೋದಾದ್ರೆ ಕೊಡು, ಇಲ್ಲ ಅಂದ್ರೆ ಇಟ್ಕೋ. ಹಬ್ಬ ಮಾಡೋಣ್ವಾ ಬೇಡ್ವಾ?”

ಗಂಡನಿಗೆ ಎಲ್ಲವೂ ಸುಲಭ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ — “ಹೀ ಜಸ್ಟ್ ನೀಡ್ಸ್ ಟೈಮ್, ಅಮ್ಮಾ. ಪೀಪಲ್ ಗಿವ್ ಅಪ್ ಸೋ ಫಾಸ್ಟ್.”

ಇದನ್ನು ಹೇಳುವವಳು ಯಾರು ನೋಡು! ಮೀನಿನ ಹಾಗೆ ಈಜುತ್ತಿದ್ದವಳು, ಹನ್ನೆರಡನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಬಿಟ್ಟವಳು. ಯಾಕೆ ಅಂತ ಒಂದು ಮಾತಿಲ್ಲ. ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಹಬ್ಬದ ಹೊತ್ತು.

ಅಕ್ಟೋಬರ್ 24, ಶುಕ್ರವಾರ

ಕ್ಯಾಲ್ವಿನ್: ಲಂಚ್ ಒಳಗೆ ಹೇಳಿ, ಇಲ್ಲಾಂದ್ರೆ ಬೇರೆಯವರನ್ನು ಕೇಳ್ತೇನೆ.

ತೀರ್ಮಾನಿಸಿದೆ. ಕೊಡುವುದಿಲ್ಲ. ಅವನು ಇನ್ನೂ ನೂರು ಇಂಟರ್‌ಸೆಪ್ಷನ್ ಎಸೆಯಲಿ, ಇವಳು ಕಟ್ಟೆ ಮೇಲೆ ಕೂತರೆ ಸಾಕು.

ಸರ್ವರ್ ಗಲಾಟೆಯ ನಡುವೆ ಚೈತನ್ಯಾಳ ಫೋನ್. ಜ್ವರ ಅಂತ ಮನೆಯಲ್ಲಿದ್ದಾಳೆ, ಜೊತೆಗೆ ಸಂತೋಷ. “ಅಮ್ಮಾ, ಕ್ಯಾಲ್ವಿನ್ ಅಂಕಲ್ ಸೆಂಟ್ ದಿ ಆಫರ್. ಸೋ... ಟೋಬಿ ಹೌ?”

“ಇರ್ಲಿ ಬಿಡು, ಬಿಡು. ಮೀಟಿಂಗ್‌ನಲ್ಲಿದೀನಿ.”

ಮನಸ್ಸು ಎಷ್ಟು ಹಗುರ.

ಅದೇ ದಿನ, ಸಂಜೆ

ಟೀಮಿನಲ್ಲಿ ಟೋಬಿ ಇಲ್ಲ. ಇಲ್ಲ!

“ಯು ಸೆಡ್ ಬಿಡು!”

“ಇರ್ಲಿ ಅಂದೆ ಕಣೇ! ಇರ್ಲಿ ಅಂತ!”

“ಇರ್ಲಿ ಬಿಡು. ಬಿಡು ಮೀನ್ಸ್ ಲೆಟ್ ಗೋ. ಯು ಸೆಡ್ ಇಟ್ ಟ್ವೈಸ್ ಸಮ್ ಮೋರ್!”

ಮೈಸೂರಿನ ಯಾವ ಮಗುವನ್ನು ಬೇಕಾದರೂ ಕೇಳಿ. ಅವನು ಇರ್ಲಿ ಬಿಡು ಅಂದರೆ ಅವನು ಇರಲಿ ಅಂತ. ಆ ಬಿಡು ಬರೀ ಬಾಲ. ಇವಳು ಬಾಲವನ್ನೇ ಹಿಡಿದುಕೊಂಡಳು. ಅಳುತ್ತಾ ಬಟನ್ ಒತ್ತಿದಳಂತೆ, ಸಂತೋಷ ಹೇಳಿದರು. ಅಳುತ್ತಿದ್ದವಳು ಇನ್ನೊಂದು ಸಲ ಕೇಳಬಾರದಿತ್ತಾ? ಚೆನ್ನಾಗಿ ಬೈದೆ.

ಕ್ಯಾಲ್ವಿನ್‌ಗೆ ಫೋನ್ ಮಾಡಿದೆ. “ಟ್ರೇಡ್ ಆದ್ಮೇಲೆ ಆಯ್ತು ಮಾರಾಯ್ರೇ. ವಾಪಸ್ ಕೇಳುದು ಎಂತ?” ನಗು ಬೇರೆ.

ಅಕ್ಟೋಬರ್ 27, ಸೋಮವಾರ

ಟೋಬಿ: ನಾಲ್ಕು ಟಚ್‌ಡೌನ್. ಇಂಟರ್‌ಸೆಪ್ಷನ್ ಒಂದೂ ಇಲ್ಲ. ಇರುತ್ತಾ ಮತ್ತೆ!

ಕಟ್ಟೆ ಖಾಲಿ. ಚೈತನ್ಯಾ ತಟ್ಟೆ ಹಿಡಿದು ರೂಮಿಗೆ ಹೋದಳು.

ಅಕ್ಟೋಬರ್ 31, ಶುಕ್ರವಾರ

ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಅವಳಿಗಿಷ್ಟ. ನೀರಿಗೆ ಬಂದಳು. ತಡೆಯಲಾಗಲಿಲ್ಲ, ಕೇಳಿಬಿಟ್ಟೆ: “ಟೋಬಿ ಅಂದ್ರೆ ನಿಂಗೆ ಅಷ್ಟು ಇಷ್ಟ. ಕೊಡಲ್ಲ ಅನ್ನಬೇಕಿತ್ತು ತಾನೇ?”

“ವಾಟ್ಸ್ ದ ಪಾಯಿಂಟ್? ಸ್ವಿಮ್ಮಿಂಗ್ ಆಲ್ಸೋ ಯು ಸೆಡ್ ಲೈಕ್ ದಟ್.”

ಏನಂದೆ? ಯಾವಾಗ?

ಹೇಳಿದಳು. ಕೋಚ್ ಬೇರೆ ಪೂಲಿಗೆ ಹೋದಾಗ, ದೂರ ಅಂತ, ಕ್ಲಾಸ್ ಏನು ಮಾಡಲಿ ಅಂತ ಕೇಳಿದ್ದಳಂತೆ. ನಾನು ಫೋನಿನಲ್ಲಿ ಇದ್ದೆನಂತೆ. ಇರ್ಲಿ ಬಿಡು ಅಂದೆನಂತೆ.

ಅಂದಿರುತ್ತೇನೆ. ದೂರ ಆದರೇನು, ಕ್ಲಾಸ್ ಇರಲಿ, ನಾನೇ ಕರೆದುಕೊಂಡು ಹೋಗುತ್ತೇನೆ ಅಂತ. ಅಷ್ಟೂ ನನ್ನ ತಲೆಯಲ್ಲಿತ್ತು, ಬಾಯಿಂದ ಬಂದದ್ದು ಎರಡೇ ಪದ.

ನಾಲ್ಕು ವರ್ಷ! ಸಿಕ್ಕಿದವರ ಹತ್ತಿರವೆಲ್ಲ ಹೇಳಿಕೊಂಡು ಬಂದೆ — ಹಿಡಿದದ್ದನ್ನು ಅರ್ಧಕ್ಕೆ ಬಿಡುವುದೇ ನನ್ನ ಮಗಳ ಬುದ್ಧಿ ಅಂತ. ಅವಳ ಎದುರಿಗೇ. ಅವಳು ಅಮ್ಮನ ಮಾತು ಕೇಳಿದ್ದಳು, ಅಷ್ಟೇ.

ರೊಟ್ಟಿ ಸೀದುಹೋಯಿತು. ಸಂತೋಷ ಬಂದು ಒಲೆ ಆರಿಸಿದರು.

ನವೆಂಬರ್ 2, ಭಾನುವಾರ. ಬೆಳಿಗ್ಗೆ

ನಿನ್ನೆ ಬಾಂಗ್ಸಾರ್‌ನ ಪೂಲಿಗೆ ಹೋಗಿ ಮಾತಾಡಿ ಬಂದೆ. ದೊಡ್ಡ ಮಕ್ಕಳ ಬ್ಯಾಚ್ ಇದೆ. ಈಗಷ್ಟೇ ಅವಳ ಬಾಗಿಲಲ್ಲಿ ನಿಂತು ಹೇಳಿದೆ — “ಸ್ವಿಮ್ಮಿಂಗ್‌ಗೆ ನಿನ್ ಹೆಸರು ಬರೆಸಿದೀನಿ. ಬೇಡ ಅಂದ್ರೆ ತೆಗೆಸ್ತೀನಿ.”

ಹೆಡ್‌ಫೋನ್ ತೆಗೆದಳು. ಆಮೇಲೆ, ಕನ್ನಡದಲ್ಲಿ:

“ಇರ್ಲಿ ಬಿಡು, ಅಮ್ಮಾ.”

ಬಾಗಿಲು ಹಾಕಿಕೊಂಡಳು.

ಇದು ಯಾರ ಕನ್ನಡ? ನನ್ನದಾದರೆ ಹೆಸರು ಇರಲಿ ಅಂತ. ಅವಳದಾದರೆ ಬಿಟ್ಟುಬಿಡು ಅಂತ. ಅವಳ ಮುಖ ನೋಡಿದರೂ ಗೊತ್ತಾಗಲಿಲ್ಲ. ಇನ್ನೊಂದು ಸಲ ಕೇಳಬಾರದಿತ್ತಾ ಅಂತ ಅವಳಿಗೆ ಬೈದವಳು ನಾನು, ಇಲ್ಲಿ ಕೂತು ಬರೆಯುತ್ತಿದ್ದೇನೆ.

ಒಳಗೆ ಕಪಾಟು ತೆಗೆದ ಸದ್ದು. ಏನನ್ನೋ ಎಳೆದು ಹಾಕುತ್ತಿದ್ದಾಳೆ... ಕೇಳಲೇಬೇಕು. ಈ ಸಲ ಪೂರ್ತಿ ವಾಕ್ಯದಲ್ಲಿ, ಬಾಲ ಗೀಲ ಇಲ್ಲದೆ. ಚೈತನ್ಯಾ, ನಿನಗೆ ಈಜಲು —