ಕ್ಲಿಕ್ ಎಂದ ಮೇಲೆ

ಭಾನುವಾರ, ಬೆಳಿಗ್ಗೆ

ಮಗಳೇ,

‘ಚಿರಂಜೀವಿ’ ಎಂದು ಬರೆಯಲು ಹೋಗಿ ಪೆನ್ನು ಎತ್ತಿಟ್ಟೆ. ಆ ಪದದ ಮೇಲೆ ನನಗೀಗ ವಿಶ್ವಾಸವಿಲ್ಲ. ಆದರೆ ಆಶೀರ್ವಾದದಲ್ಲಿ ಕೊರತೆಯಿಲ್ಲವೆಂದು ತಿಳಿದುಕೋ. ನಾನೂ ನಿನ್ನ ಅಮ್ಮನೂ ಕ್ಷೇಮ. ನಿನ್ನ ಸೈಕಲ್ಲಿಗೆಂದು ನೀನು ಫೋನಿನಲ್ಲಿ ಟಾರ್ಕ್ ರೆಂಚ್ ಕೇಳಿ ಬಹಳ ದಿನವಾಯಿತು. ತಡಮಾಡಿದ್ದಕ್ಕೆ ಕ್ಷಮೆಯಿರಲಿ. ಬೋಲ್ಟಿನ ಮೇಲೆ ಎಷ್ಟು ಬಲ ಬಿತ್ತೆಂದು ಹೇಳುವ ಸಾಧನ ಅದು. ಅದು ಹೇಳುವುದು ನಿಜವೆಂದು ಹೇಳುವವರು ಯಾರು? ವಿಳಂಬಕ್ಕೆ ಈ ಪ್ರಶ್ನೆಯೇ ಕಾರಣ.

ನಿನ್ನ ಬೇಡಿಕೆಯ ಬಗೆಗೂ ನನಗೆ ಅನುಮಾನವಿತ್ತು, ಮುಚ್ಚಿಡುವುದಿಲ್ಲ. “ನಿನ್ನ ಅಣ್ಣನದೇ ಪೆಟ್ಟಿಗೆಯಲ್ಲಿದೆಯಲ್ಲ” ಎಂದು ನಾನಂದರೆ, “ಅದು ಬೇಡಪ್ಪ” ಎಂದೆ ನೀನು. ಆಮೇಲೆ ಫೋನ್ ಇಡುವ ಮೊದಲು ದನಿ ಇಳಿಸಿ, “ಕ್ಲಿಕ್ ಅಂದಮೇಲೂ ಇನ್ನೊಂದು ಸಲ ಎಳೆದ್ರೆ ಏನಾಗುತ್ತೆ ಅಂತ ಅಂಗಡಿಯವರನ್ನ ಕೇಳಪ್ಪ” ಎಂದೆ. ಕೊಳ್ಳುವವರು ಬೆಲೆ ಕೇಳುತ್ತಾರೆ, ಗ್ಯಾರಂಟಿ ಕೇಳುತ್ತಾರೆ. ನಿನ್ನದು ಕೊಳ್ಳುವವರ ಪ್ರಶ್ನೆಯಾಗಿರಲಿಲ್ಲ.

ಅಂಗಡಿಯವನು ಮೊದಲು ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ರೆಂಚನ್ನೇ ನನ್ನ ತಲೆಗೆ ಕಟ್ಟಲು ನೋಡಿದ. ಹ್ಯಾಂಡಲ್ಲಿನ ಸಣ್ಣ ಬೋಲ್ಟಿನ ಬಲವನ್ನು ಅದು ಸರಿಯಾಗಿ ಅಳೆಯಲಾರದೆಂದು ನಾನು ಓದಿಕೊಂಡೇ ಹೋಗಿದ್ದೆ. ಆಗ ಬ್ಯಾಟರಿಯದು ಹೊರಬಂತು.

“ಇದು ಬೀಪ್ ಅನ್ನುತ್ತೆ ಸಾರ್, ಲೈಟೂ ಹತ್ತುತ್ತೆ.”

“ಬ್ಯಾಟರಿ ಸತ್ತರೆ?”

“ಸತ್ರೆ ಗೊತ್ತಾಗುತ್ತಲ್ಲ.”

“ಸಾಯುತ್ತಾ ಇರುವಾಗ?”

ಅವನು ಅದನ್ನು ಒಳಗಿಟ್ಟು, ಕ್ಲಿಕ್ ಎನ್ನುವುದನ್ನು ತೆಗೆದ. “ಎಲ್ಲರೂ ಇದನ್ನೇ ತಗೊಳ್ಳೋದು.”

“ಎಲ್ಲರೂ ಎನ್ನುವುದು ಸಂಖ್ಯೆ, ವಾದವಲ್ಲ.”

“ಸಾರ್, ನೀವು ಲಾಯರಾ?”

“ಅಲ್ಲ. ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದೆ.”

“ಅದೇ ಅಂದ್ಕೊಂಡೆ. ಲಾಯರಿಗಾದ್ರೆ ಬೇರೆ ಕೆಲಸ ಇರುತ್ತೆ.”

ನಿನ್ನ ಪ್ರಶ್ನೆಯನ್ನು ಕೇಳಿದೆ. “ಕ್ಲಿಕ್ ಅನ್ನೋದು ಸಾಕು ಅಂತ ಹೇಳೋದಷ್ಟೇ ಸಾರ್, ಕೈ ಹಿಡಿದು ನಿಲ್ಸಲ್ಲ. ಮತ್ತೆ ಎಳೆದ್ರೆ ಬೋಲ್ಟ್ ಒಳಗೊಳಗೇ ಹಿಗ್ಗುತ್ತೆ. ಕಣ್ಣಿಗೆ ಕಾಣಲ್ಲ” ಎಂದ. ಚರ್ಚಾಸ್ಪರ್ಧೆಯ ಗಂಟೆಯೂ ಅಂಥದೇ. ಗಂಟೆ ಹೊಡೆದ ಮೇಲೂ ಇನ್ನೊಂದು ವಾಕ್ಯ ಸೇರಿಸದಿದ್ದರೆ ನಮ್ಮ ಮನೆಯ ಯಾರಿಗೂ ಸಮಾಧಾನವಿಲ್ಲ.

ಕೊನೆಗೆ ಕೆಳಗಿನ ಕಪಾಟಿನಿಂದ ಧೂಳು ಹಿಡಿದ ಒಂದು ರೆಂಚ್ ಬಂತು. ಒಂದು ಕಂಬಿ, ಒಂದು ಮುಳ್ಳು, ಒಂದು ಅಳತೆಪಟ್ಟಿ. ಎಳೆದಾಗ ಕಂಬಿ ಬಾಗುತ್ತದೆ, ಮುಳ್ಳು ಅಂಕಿ ತೋರಿಸುತ್ತದೆ. ಒಳಗೆ ಅಡಗಿಕೊಳ್ಳುವ ಸ್ಪ್ರಿಂಗ್ ಇಲ್ಲ. “ಇದನ್ನ ಯಾರೂ ಕೇಳಲ್ಲ ಸಾರ್. ಒಬ್ರು ಎಳೀತಿದ್ರೆ ಇನ್ನೊಬ್ರು ಬಗ್ಗಿ ಮುಳ್ಳು ನೋಡ್ಬೇಕು, ರಗಳೆ” ಎಂದ. ನಾನು ಅದನ್ನೇ ಕೊಂಡೆ. ಬಹಿರಂಗವಾಗಿ ಸಾಕ್ಷ್ಯ ನುಡಿಯುವ ವಸ್ತು ಅದೊಂದೇ.

ಮನೆಗೆ ಬಂದು, ಹೋಲಿಸಿ ನೋಡಲೆಂದು ಅಣ್ಣನ ಪೆಟ್ಟಿಗೆ ತೆರೆದೆ. ಅವನು ಹೋದ ಮೇಲೆ ಅದೇ ಮೊದಲು. ಅವನ ಕ್ಲಿಕ್ ರೆಂಚಿನ ಸ್ಪ್ರಿಂಗ್ ಬಿಗಿಯಾಗಿಯೇ ಇತ್ತು. ಕೆಲಸ ಮುಗಿದೊಡನೆ ಅದನ್ನು ಸಡಿಲಿಸದೆ ಅವನು ಪೆಟ್ಟಿಗೆಯಲ್ಲಿಟ್ಟವನಲ್ಲ. “ಬಿಗಿದೇ ಇಟ್ರೆ ಸ್ಪ್ರಿಂಗ್ ಸುಳ್ಳು ಕಲಿಯುತ್ತಪ್ಪ” ಎನ್ನುತ್ತಿದ್ದ. ಅಂದಮೇಲೆ ಅದನ್ನು ಕೊನೆಗೆ ಹಿಡಿದ ಕೈ ಅವನದಲ್ಲ.

ಅವನ ಗೆಳೆಯನನ್ನು, ಅದೇ ನೀವೆಲ್ಲ ‘ಪಂಪ್’ ಎಂದು ಕರೆಯುತ್ತಿದ್ದವನನ್ನು, ಮನೆಗೆ ಕರೆಸಿದೆ. ಇಳಿಜಾರಿನಲ್ಲಿ ಹ್ಯಾಂಡಲ್ಲಿನ ಬೋಲ್ಟ್ ತುಂಡಾಗಿ ನಿನ್ನ ಅಣ್ಣ ಬಿದ್ದನಲ್ಲ, ಅದರ ಹಿಂದಿನ ಸಂಜೆ ಇವನೂ ಜೊತೆಗೆ ಕೂತು ಸೈಕಲ್ ರಿಪೇರಿ ಮಾಡಿದ್ದ. ಅಂದಿನಿಂದ ನಾನು ಶಂಕಿಸಿದ್ದು ಇವನನ್ನೇ. ಹೊಸ್ತಿಲು ತುಳಿಯಲೂ ಬಿಟ್ಟಿರಲಿಲ್ಲ.

“ಹ್ಯಾಂಡಲ್ ಬೋಲ್ಟನ್ನು ಕೊನೆಗೆ ಬಿಗಿದವರು ಯಾರು?”

“ನಾನೇ ಅಂಕಲ್.” ಉತ್ತರ ತೀರಾ ಬೇಗ ಬಂತು.

“ಆಮೇಲೆ ಸ್ಪ್ರಿಂಗ್ ಸಡಿಲಿಸಿದೆಯಾ?”

“ಸಡಿಲಿಸದೆ ಇಡ್ತೀನಾ? ಅವನು ನನ್ನ ಕೊಂದೇಬಿಡ್ತಿದ್ದ” ಎಂದವನು ತನ್ನ ಮಾತಿಗೆ ತಾನೇ ತುಟಿ ಕಚ್ಚಿಕೊಂಡ.

ರೆಂಚನ್ನು ಅವನ ಕೈಗಿಟ್ಟೆ. ಹಿಡಿಯ ಮೇಲಿನ ಅಂಕಿಯನ್ನು ಬಹಳ ಹೊತ್ತು ನೋಡಿದ. “ನಾನೇ ಅಂತ ಇಟ್ಕೊಳ್ಳಿ ಅಂಕಲ್. ಇನ್ನು ಕೇಳ್ಬೇಡಿ.”

ಸುಳ್ಳುಗಾರರನ್ನು ನಾನು ವೇದಿಕೆಯ ಮೇಲೆ ಬೇಕಾದಷ್ಟು ಕಂಡಿದ್ದೇನೆ. ತಾನು ಪಾರಾಗಲು ಸುಳ್ಳಾಡುವವನು ಎದುರಾಳಿಯ ಕಣ್ಣು ನೋಡುತ್ತಾನೆ. ಇವನು ಗೋಡೆಯ ಮೇಲಿದ್ದ ನಿನ್ನ ಫೋಟೊ ನೋಡುತ್ತಿದ್ದ. ನಾನು ಮತ್ತೆ ಕೇಳಲಿಲ್ಲ. ನಿನ್ನ ಅಮ್ಮ ಟೀ ತಂದಳು. ಕುಡಿದು, ಮೊದಲಿನ ಹಾಗೆ ತಾನೇ ಲೋಟ ತೊಳೆದಿಟ್ಟು ಹೋದ. ಮುಂದಿನ ಭಾನುವಾರ ಬರಲು ಹೇಳಿದ್ದೇನೆ.

ರೆಂಚನ್ನು ಪಾರ್ಸೆಲ್ ಮಾಡುವುದಿಲ್ಲ. ದಾರಿಯಲ್ಲಿ ಮುಳ್ಳು ಬಾಗಿದರೆ ಅದು ಹೇಳುವ ಅಂಕಿಯನ್ನು ನಂಬುವುದು ಹೇಗೆ? ಅಣ್ಣನ ಸೈಕಲ್ಲಿಗೆ ಹೊಸ ಬೋಲ್ಟುಗಳನ್ನು ತಂದು, ಬೆರಳಿನಲ್ಲಿ ತಿರುಗಿದಷ್ಟೇ ತಿರುಗಿಸಿ ನಿಲ್ಲಿಸಿದ್ದೇನೆ. ಊಟ ನಿದ್ದೆ ಬಿಡಬೇಡ. ನಿನ್ನ ಕೈಗೆ ಬಲವಿರಲಿ, ಎದೆ ಹಗುರವಾಗಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಆ ಸಂಜೆ ನೀನೂ ಮನೆಗೆ ಬಂದಿದ್ದೆ. ಅಣ್ಣ ಕೈ ತೊಳೆಯಲು ಒಳಗೆ ಬಂದಿದ್ದಾಗ ಹೊರಗಿನಿಂದ ನಿನ್ನ ದನಿ ಕೇಳಿಸಿತ್ತು: “ಇನ್ನೊಂದು ಸಲ ಎಳೆದುಬಿಡ್ತೀನಿ, ಭದ್ರವಾಗಿರಲಿ.” ಪೆಟ್ಟಿಗೆ ತೆರೆದ ದಿನ ಅದು ನೆನಪಾಯಿತು. ಭದ್ರವಾಗಿರಲೆಂದು ಎಳೆದ ಕೈ ಅದು. ಬೋಲ್ಟ್ ಮುರಿದದ್ದು ಅದರಿಂದಲೇ ಎಂದು ಯಾರೂ ಸಾಧಿಸಲಾರರು, ಅದರಿಂದಲ್ಲ ಎಂದು ನಾನೂ ಸಾಧಿಸಲಾರೆ. ಅಣ್ಣನ ಕಾರ್ಯ ಮುಗಿದ ಮೇಲೆ ನೀನು ಈ ಮನೆಗೆ ಕಾಲಿಟ್ಟಿಲ್ಲ. ಕೆಲಸದ ಒತ್ತಡವೆಂದು ನಿನ್ನ ಅಮ್ಮ ನಂಬಿದ್ದಾಳೆ. ಅವಳಿಗೆ ಹೇಳಬೇಕಾದದ್ದು ನೀನು, ನಾನಲ್ಲ. ಇಬ್ಬರನ್ನು ಕಳೆದುಕೊಳ್ಳುವ ಶಕ್ತಿ ನಮಗಿಲ್ಲ. ಬಾ. ನೀನು ಎಳೆ, ಮುಳ್ಳು ನಾನು ನೋಡುತ್ತೇನೆ. ಸಾಕು ಎಂದಾಗ ಇಬ್ಬರೂ ನಿಲ್ಲಿಸೋಣ.